ನಾಟಕ ಬರೆಯುವವನ ಕಷ್ಟಗಳು

ಕಾದಂಬರಿಯನ್ನು ಬರೆದವನಿಗೂ ಅದನ್ನು ಓದುವವನಿಗೂ ನಡುವೆ ಮೂರನೆಯವರು ಇರುವುದಿಲ್ಲ. ಓದುವವನು ತನಗೆ ಬಿಡುವಾದಾಗ ಪುಸ್ತಕವನ್ನು ತೆರೆಯುತ್ತಾನೆ. ಅರ್ಥವಾಗದಿದ್ದರೆ ಹಿಂದಿನ ಪುಟಕ್ಕೆ ಹೋಗುತ್ತಾನೆ. ಬೇಸರವಾದರೆ ಮುಚ್ಚಿಟ್ಟು ನಾಳೆ ಮುಂದುವರಿಸುತ್ತಾನೆ. ನಾಟಕಕಾರನಿಗೆ ಈ ಅನುಕೂಲಗಳಲ್ಲಿ ಒಂದೂ ಇಲ್ಲ. ಅವನು ಬರೆದದ್ದು ಮೊದಲು ನಿರ್ದೇಶಕನ ಕೈಗೆ, ಅನಂತರ ನಟರ ಬಾಯಿಗೆ, ಕಡೆಗೆ ಕತ್ತಲೆಯಲ್ಲಿ ಒಟ್ಟಾಗಿ ಕುಳಿತ ನೂರಾರು ಜನರ ಕಿವಿಗೆ ಹೋಗಿ ಸೇರಬೇಕು. ಆ ಜನರು ಹಿಂದಿನ ಪುಟವನ್ನು ತಿರುವಿ ನೋಡಲಾರರು. ಆಡಿದ ಮಾತು ಆಡಿದ ಕ್ಷಣದಲ್ಲಿಯೇ ಮುಟ್ಟಬೇಕು, ಮುಟ್ಟದಿದ್ದರೆ ಹೋಯಿತು. ಆದುದರಿಂದಲೇ ಒಳ್ಳೆಯ ಕವಿಗಳೂ ಒಳ್ಳೆಯ ಕತೆಗಾರರೂ ನಾಟಕಕ್ಕೆ ಕೈಹಾಕಿ ಸೋತಿರುವುದುಂಟು.

ಈ ಕಷ್ಟಗಳನ್ನು ಒಂದೊಂದಾಗಿ ಪಟ್ಟಿಮಾಡಿ ಹೇಳಹೊರಟರೆ ಅದೊಂದು ಲಕ್ಷಣಗ್ರಂಥವಾದೀತು. ಅದಕ್ಕೆ ಬದಲಾಗಿ ಒಂದು ವಸ್ತುವನ್ನು ಕೈಗೆತ್ತಿಕೊಂಡು, ಅದನ್ನು ನಾಟಕವಾಗಿ ಮಾಡಬೇಕೆಂದು ಕುಳಿತವನಿಗೆ ಯಾವ ಹೊತ್ತಿನಲ್ಲಿ ಯಾವ ತೊಡಕು ಎದುರಾಗುತ್ತದೆ ಎಂಬುದನ್ನು ನೋಡೋಣ. ವಸ್ತುವಿಗಾಗಿ ದೂರ ಹೋಗಬೇಕಾದುದಿಲ್ಲ. ಬೆಂಗಳೂರಿನ ಉತ್ತರಕ್ಕಿರುವ ಹೆಬ್ಬಾಳದಲ್ಲಿ ೨೦೧೮ರಲ್ಲಿ, ಚರಂಡಿಯ ಕೆಲಸಕ್ಕಾಗಿ ನೆಲವನ್ನು ಅಗೆಯುವಾಗ, ಒಂದು ವೀರಗಲ್ಲು ಬೆಳಕಿಗೆ ಬಂದಿತು. ಅದು ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ. ಶ. ೭೫೦ರದೆಂದು ವಿದ್ವಾಂಸರ ನಿರ್ಣಯ. ಬೆಂಗಳೂರಿನಲ್ಲಿ ದೊರೆತಿರುವ ಕನ್ನಡ ಶಾಸನಗಳಲ್ಲಿ ಇದನ್ನು ಅತ್ಯಂತ ಹಳೆಯದೆಂದು ಎಣಿಸುತ್ತಾರೆ. ಅಂದು ಆ ಸೀಮೆಯ ಹೆಸರು ಪೆರ್ಬೊಳಲ ನಾಡು. ಪೊಳಲ್ ಎಂದರೆ ಪಟ್ಟಣ. ಪೆರ್ಬೊಳಲ್ ಎಂದರೆ ಹಿರಿಯ ಪಟ್ಟಣ. ಆ ಪೆರ್ಬೊಳಲೇ ಇಂದಿನ ಹೆಬ್ಬಾಳ. ರಟ್ಟರ ಪಡೆ ಮೇಲೆ ಬಿದ್ದಾಗ ಕಿಟ್ಟಯ್ಯನೆಂಬವನು ಕಾದಿ ಸತ್ತನು ಎಂಬುದು ಆ ಕಲ್ಲಿನ ಸಾರಾಂಶ.

ಕಲ್ಲು ಹೇಳುವುದು ಅಷ್ಟೆ. ಯುದ್ಧಕ್ಕೆ ಹೋಗುವ ಹಿಂದಿನ ರಾತ್ರಿ ಕಿಟ್ಟಯ್ಯನು ಉಂಡನೆ, ನಿದ್ದೆ ಮಾಡಿದನೆ, ಹೆದರಿದನೆ, ಯಾರೊಡನೆ ಏನು ಮಾತಾಡಿದನು ಎಂಬುದು ಅದರಲ್ಲಿಲ್ಲ. ಇತಿಹಾಸಕಾರನು ಅಲ್ಲಿಗೆ ನಿಲ್ಲಬೇಕು. ನಿಲ್ಲುವುದು ಅವನ ಧರ್ಮ. ನಾಟಕಕಾರನ ಕೆಲಸ ಅಲ್ಲಿಂದ ಮುಂದಕ್ಕೆ ಆರಂಭವಾಗುತ್ತದೆ.

ಮೊದಲನೆಯ ತೊಡಕು ಇದು. ನಮ್ಮ ಕೈಯಲ್ಲಿರುವುದು ಒಂದು ಸಂಗತಿ, ನಾಟಕವಲ್ಲ. “ಕಿಟ್ಟಯ್ಯನು ಯುದ್ಧದಲ್ಲಿ ಸತ್ತನು” ಎಂಬುದು ದುಃಖದ ಸುದ್ದಿಯಾದೀತು, ಹೆಮ್ಮೆಯ ಸುದ್ದಿಯಾದೀತು. ಎರಡು ಗಂಟೆಯ ಕಾಲ ಜನರನ್ನು ಕುರ್ಚಿಯಲ್ಲಿ ಕೂರಿಸುವ ಶಕ್ತಿ ಅದಕ್ಕಿಲ್ಲ. “ಕಿಟ್ಟಯ್ಯನು ಹೋಗದೆ ಇರಬಹುದಾಗಿತ್ತು” ಎಂದು ನಾವು ಕಲ್ಪಿಸಿಕೊಂಡ ಕೂಡಲೆ ನಾಟಕದ ಬೀಜ ಬಿದ್ದಂತೆ. ಒಬ್ಬನಿಗೆ ಏನೋ ಬೇಕಾಗಿರಬೇಕು, ಅದಕ್ಕೆ ಅಡ್ಡಿ ಇರಬೇಕು, ಮತ್ತು ನಿರ್ಧಾರಕ್ಕೆ ಹೊತ್ತು ಮೀರುತ್ತಿರಬೇಕು. ನಮ್ಮ ಪ್ರಾಚೀನರು ಇದನ್ನು ಬಲ್ಲರು. ಆರಂಭ, ಪ್ರಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ ಎಂದು ನಾಟ್ಯಶಾಸ್ತ್ರವು ಎಣಿಸುವ ಐದು ಅವಸ್ಥೆಗಳೂ ಒಬ್ಬನು ಒಂದು ಫಲವನ್ನು ಬಯಸಿ ಹೊರಟ ದಾರಿಯ ಐದು ಮೆಟ್ಟಲುಗಳೇ. ಬಯಕೆಯಿಲ್ಲದೆ ಮೊದಲನೆಯ ಮೆಟ್ಟಲೇ ಇಲ್ಲ.

ಒಂದೇ ಸಂಗತಿಯಿಂದ ಬೇರೆ ಬೇರೆ ನಾಟಕಗಳು ಹುಟ್ಟುವುದೂ ಈ ಕಾರಣದಿಂದಲೆ. ಹನ್ನೆರಡನೆಯ ಶತಮಾನದ ಕಲ್ಯಾಣದ ಕತೆಯನ್ನು ಪಿ. ಲಂಕೇಶರು ‘ಸಂಕ್ರಾಂತಿ’ಯಲ್ಲಿ (೧೯೭೧), ಎಚ್. ಎಸ್. ಶಿವಪ್ರಕಾಶರು ‘ಮಹಾಚೈತ್ರ’ದಲ್ಲಿ (೧೯೮೬), ಗಿರೀಶ ಕಾರ್ನಾಡರು ‘ತಲೆದಂಡ’ದಲ್ಲಿ (೧೯೯೦) ಎತ್ತಿಕೊಂಡರು. ಬಸವಣ್ಣನೂ ಬಿಜ್ಜಳನೂ ಮೂರರಲ್ಲಿಯೂ ಇದ್ದಾರೆ. ಆದರೆ ಯಾರ ಬಯಕೆಯನ್ನು ನಡುವೆ ನಿಲ್ಲಿಸಬೇಕು, ಯಾರ ಕಣ್ಣಿನಿಂದ ಆ ಬಿರುಗಾಳಿಯನ್ನು ನೋಡಬೇಕು ಎಂಬುದನ್ನು ಮೂವರೂ ಬೇರೆ ಬೇರೆಯಾಗಿ ನಿಶ್ಚಯಿಸಿಕೊಂಡರು. ಆದುದರಿಂದ ಮೂರೂ ಬೇರೆ ನಾಟಕಗಳಾದುವು.

ಎರಡನೆಯ ತೊಡಕು ಎಲ್ಲಿಂದ ಆರಂಭಿಸಬೇಕೆಂಬುದು. ಹೊಸಬನು ಸಾಮಾನ್ಯವಾಗಿ ಕಿಟ್ಟಯ್ಯನ ಬಾಲ್ಯದಿಂದ ಆರಂಭಿಸುತ್ತಾನೆ. ಅದು ಚರಿತ್ರೆಯ ಕ್ರಮ. ರಂಗದ ಮೇಲೆ ಕಾಲವು ಬಹಳ ತುಟ್ಟಿಯಾದ ಪದಾರ್ಥ. ಆದಷ್ಟು ತಡವಾಗಿ, ಬಿಕ್ಕಟ್ಟಿನ ಹತ್ತಿರದಲ್ಲಿ ಆರಂಭಿಸುವುದೇ ಮೇಲು. ಯುದ್ಧದ ಹಿಂದಿನ ಸಂಜೆಯನ್ನು ಹಿಡಿಯೋಣ. ಆದರೆ ಹಾಗೆ ತಡವಾಗಿ ಆರಂಭಿಸಿದರೆ ಹಿಂದೆ ನಡೆದುದನ್ನು ಪ್ರೇಕ್ಷಕರಿಗೆ ತಿಳಿಸುವುದು ಹೇಗೆ? ಇಬ್ಬರು ಆಳುಗಳು ಬಂದು, ಇಬ್ಬರಿಗೂ ಮೊದಲೇ ಗೊತ್ತಿರುವ ವಿಷಯವನ್ನು ಒಬ್ಬರಿಗೊಬ್ಬರು ವಿವರಿಸುವುದು ಹಳೆಯ ಉಪಾಯ. ಅದನ್ನು ಕೇಳಿ ಯಾರೂ ನಂಬುವುದಿಲ್ಲ. ಸೂತ್ರಧಾರನನ್ನೋ ಭಾಗವತನನ್ನೋ ಕರೆದು ನೇರವಾಗಿ ಹೇಳಿಸಿಬಿಡುವುದು ಇನ್ನೊಂದು ಉಪಾಯ. ಕಾರ್ನಾಡರ ‘ಹಯವದನ’ದಲ್ಲಿ ಭಾಗವತನು ಆ ಕೆಲಸವನ್ನು ಮರೆಮಾಚದೆ ಮಾಡುತ್ತಾನೆ, ಮರೆಮಾಚದೆ ಇರುವುದರಿಂದಲೇ ಅದು ಒಪ್ಪುತ್ತದೆ. ಮೂರನೆಯ ಉಪಾಯ ಎಲ್ಲಕ್ಕಿಂತ ಕಷ್ಟದ್ದು, ಎಲ್ಲಕ್ಕಿಂತ ಒಳ್ಳೆಯದು. ಇಬ್ಬರನ್ನು ಜಗಳಕ್ಕೆ ನಿಲ್ಲಿಸುವುದು. ಜಗಳವಾಡುವವರು ಹಳೆಯ ವಿಷಯಗಳನ್ನೆಲ್ಲ ತಾವಾಗಿಯೇ ಎತ್ತಿ ಆಡುತ್ತಾರೆ. ಟಿ. ಪಿ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯಲ್ಲಿ (೧೯೧೮) ಪರೀಕ್ಷೆಯಲ್ಲಿ ಮುಂದಾದ ಮಗನೊಬ್ಬ, ಮನೆಯ ಕಷ್ಟಕ್ಕೆ ಒದಗುವ ಮಗನೊಬ್ಬ. ಇವರಲ್ಲಿ ಯಾರು ಟೊಳ್ಳು, ಯಾರು ಗಟ್ಟಿ ಎಂಬುದು ಮನೆಯವರ ದಿನನಿತ್ಯದ ಮಾತಿನಿಂದಲೇ ನಮಗೆ ಗೊತ್ತಾಗುತ್ತದೆ. ಯಾರೂ ಬಂದು ಪೀಠಿಕೆ ಹಾಕುವುದಿಲ್ಲ.

ಮೂರನೆಯದು ಸ್ಥಳದ ತೊಡಕು. ಕಿಟ್ಟಯ್ಯನು ಸತ್ತದ್ದು ಯುದ್ಧದಲ್ಲಿ. ಯುದ್ಧವನ್ನು ಮೂವತ್ತು ಅಡಿ ಅಗಲದ ರಂಗಸ್ಥಳಕ್ಕೆ ತರುವುದು ಹೇಗೆ? ಗುಬ್ಬಿ ವೀರಣ್ಣನವರು ೧೯೩೪ರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಅದೊಂದು ಸಾಹಸ, ಅದಕ್ಕೆ ಅವರ ಕಂಪೆನಿಯ ಬಲವೇ ಬೇಕು. ನಾಟ್ಯಶಾಸ್ತ್ರವು ಯುದ್ಧ, ಮರಣ, ರಾಜ್ಯಭ್ರಂಶ, ನಗರದ ಮುತ್ತಿಗೆ ಇವನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸಬಾರದು, ಪ್ರವೇಶಕಗಳ ಮೂಲಕ ಸೂಚಿಸಬೇಕು ಎನ್ನುತ್ತದೆ. ಗ್ರೀಕರೂ ಹಾಗೆಯೆ, ಈಡಿಪಸ್ ದೊರೆಯು ತನ್ನ ಕಣ್ಣನ್ನು ಇರಿದುಕೊಳ್ಳುವುದನ್ನು ನಾವು ನೋಡುವುದಿಲ್ಲ, ಒಳಗಿನಿಂದ ಬಂದವನ ಬಾಯಿಂದ ಕೇಳುತ್ತೇವೆ. ಇದನ್ನು ಬರಿಯ ಮಡಿವಂತಿಕೆಯೆಂದು ತಿಳಿಯಬಾರದು. ಕಂಡ ಯುದ್ಧಕ್ಕೆ ರಂಗದ ಅಳತೆಯೇ ಮಿತಿ. ಕೇಳಿದ ಯುದ್ಧಕ್ಕೆ ಅಂತಹ ಮಿತಿಯಿಲ್ಲ.

ಹೊರಗಿನ ಲೋಕವನ್ನು ಒಂದು ಕೋಣೆಗೆ ತರುವುದರಲ್ಲಿ ರವೀಂದ್ರನಾಥ ಠಾಕೂರರ ‘ಡಾಕ್‌ಘರ್’ ಎಂಬ ಬಂಗಾಳಿ ನಾಟಕ (೧೯೧೨) ಒಂದು ಮೇಲಾದ ಪಾಠ. ರವೀಂದ್ರರ ಹೆಸರು ಬೆಂಗಳೂರಿನವರಿಗೆ ದಿನವೂ ನಾಲಗೆಯ ಮೇಲಿದೆ. ಹೆಬ್ಬಾಳದ ಮಗ್ಗುಲಿನ ಆರ್. ಟಿ. ನಗರವು ಅವರದೇ ಹೆಸರಿನದು, ಎಷ್ಟೋ ಮಂದಿ ಅದನ್ನು ಮರೆತಿರಬಹುದು. ಆ ನಾಟಕದಲ್ಲಿ ಕಾಯಿಲೆಯ ಹುಡುಗನೊಬ್ಬನು ಕಿಟಕಿಯ ಬಳಿ ಕುಳಿತಿದ್ದಾನೆ, ಹೊರಗೆ ಹೋಗುವಂತಿಲ್ಲ. ಮೊಸರು ಮಾರುವವನು, ಕಾವಲುಗಾರ, ಹೂವಿನ ಹುಡುಗಿ ಒಬ್ಬೊಬ್ಬರಾಗಿ ಬೀದಿಯಲ್ಲಿ ಹಾದುಹೋಗುತ್ತ ಅವನೊಡನೆ ಮಾತಾಡುತ್ತಾರೆ. ಬೀದಿಯೂ ಬೆಟ್ಟವೂ ದೂರದ ಹಳ್ಳಿಯೂ ಆ ಕಿಟಕಿಯಿಂದ ಒಳಕ್ಕೆ ಬರುತ್ತವೆ. ನಮ್ಮ ಕಿಟ್ಟಯ್ಯನಿಗೂ ಹೀಗೆಯೇ ಮಾಡಬಹುದು. ರಂಗದ ಮೇಲೆ ಒಂದು ಜಗಲಿ ಮಾತ್ರ. ಊರು ಬಿಟ್ಟು ಹೋಗುವವರು, ಬರುವ ಪಡೆಯನ್ನು ಕಂಡವರು, ದನವನ್ನು ಅಟ್ಟಿಕೊಂಡು ಓಡುವವರು ಆ ಜಗಲಿಯ ಮುಂದೆ ಹಾದುಹೋದರೆ ಯುದ್ಧವು ಮನೆಯ ಬಾಗಿಲಿಗೆ ಬಂದಂತಾಗುತ್ತದೆ.

ಇಲ್ಲಿ ಒಂದು ಮಾತನ್ನು ಹೇಳಬೇಕು. ನಾಟಕರಚನೆಯ ನಿಯಮಗಳಲ್ಲಿ ಅನೇಕವು ಬಡಗಿಯ ಕೆಲಸದಿಂದ ಹುಟ್ಟಿದವು. ಹಿಂದಿನ ಕಂಪೆನಿ ನಾಟಕಗಳಲ್ಲಿ ಆಳದ ದೃಶ್ಯ, ತೆಳುವಾದ ದೃಶ್ಯ ಎಂದು ಎರಡು ಬಗೆ ಇದ್ದವು. ಅರಮನೆಯ ಆಳದ ದೃಶ್ಯ ಮುಗಿದೊಡನೆ ಬೀದಿಯ ಚಿತ್ರವಿದ್ದ ಪರದೆಯನ್ನು ಮುಂದಕ್ಕೆ ಇಳಿಬಿಡುತ್ತಿದ್ದರು. ಅದರ ಮುಂದೆ ಹಾಸ್ಯಗಾರರು ಜನರನ್ನು ನಗಿಸುತ್ತಿರುವಾಗ ಹಿಂದೆ ಮುಂದಿನ ಅರಮನೆಯನ್ನು ಜೋಡಿಸುತ್ತಿದ್ದರು. ಕಾರ್ನಾಡರು ‘ತುಘಲಕ್’ (೧೯೬೪) ನಾಟಕವನ್ನು ಇದೇ ಕಟ್ಟಿನ ಮೇಲೆ ಬರೆಯಲು ಹೊರಟುದಾಗಿ ಹೇಳಿದ್ದಾರೆ. ಸುಲ್ತಾನನು ಆಳದ ದೃಶ್ಯಗಳಲ್ಲಿ. ಅಗಸನಾದ ಅಜೀಜನೂ ಅವನ ಗೆಳೆಯ ಆಜಮನೂ ಮುಂದಿನ ದೃಶ್ಯಗಳಲ್ಲಿ. ಆದರೆ ಬರೆಯುತ್ತ ಹೋದಂತೆ ಈ ಎರಡು ಲೋಕಗಳನ್ನು ಬೇರೆ ಬೇರೆಯಾಗಿ ಇಡುವುದು ಅವರಿಗೆ ಕಷ್ಟವಾಯಿತು. ಕಡೆಗೆ ಆ ಅಗಸನೇ ಅರಮನೆಯಲ್ಲಿ ಸುಲ್ತಾನನ ಎದುರಿಗೆ ಬಂದು ನಿಲ್ಲುತ್ತಾನೆ. ದೊರೆಯ ಕನಸೂ ಬೀದಿಯ ಮೋಸವೂ ಒಂದಾಗಿಹೋದ ರಾಜ್ಯದ ಕತೆಯನ್ನು ಹೇಳುವುದಕ್ಕೆ ಒಂದು ಪರದೆಯ ಅನುಕೂಲವು ಹೀಗೆ ದಾರಿಯಾಯಿತು. ಕಟ್ಟನ್ನು ತಿಳಿದವನಿಗೆ ಮಾತ್ರ ಅದನ್ನು ಎಲ್ಲಿ ಮುರಿಯಬೇಕೆಂಬುದು ಗೊತ್ತಾಗುತ್ತದೆ.

ನಾಲ್ಕನೆಯ ತೊಡಕನ್ನು ಪುಸ್ತಕಗಳು ಹೇಳುವುದಿಲ್ಲ. ಅದು ಜನದ ಮತ್ತು ಹಣದ ತೊಡಕು. ನಾಟಕದಲ್ಲಿ ಎಷ್ಟು ಪಾತ್ರಗಳಿರಬೇಕು? ನಗರದ ಹವ್ಯಾಸಿ ತಂಡದಲ್ಲಿ ನಟರು ಹಗಲೆಲ್ಲ ಕಚೇರಿಯಲ್ಲಿಯೋ ಕಾರ್ಖಾನೆಯಲ್ಲಿಯೋ ದುಡಿದು, ಸಂಜೆ ಒಬ್ಬರು ಯಲಹಂಕದಿಂದ, ಒಬ್ಬರು ಯಶವಂತಪುರದಿಂದ ಅಭ್ಯಾಸಕ್ಕೆ ಬಂದು ಸೇರಬೇಕು. ಆರು ಪಾತ್ರದ ನಾಟಕವಾದರೆ ಅಭ್ಯಾಸ ನಡೆದೀತು. ಇಪ್ಪತ್ತು ಪಾತ್ರವಾದರೆ ಇಪ್ಪತ್ತು ಮಂದಿಯೂ ಒಂದೇ ದಿನ ಸೇರುವುದು ಅಪರೂಪ. ಆದುದರಿಂದ ನಗರಕ್ಕೆ ಬರೆಯುವವನು ಪಾತ್ರಗಳನ್ನು ಕಡಿಮೆ ಮಾಡುತ್ತಾನೆ. ಇದೇ ಯಲಹಂಕವನ್ನು ದಾಟಿ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಕಡೆಗೆ ಹೋದರೆ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ದಂತಹ ಪೌರಾಣಿಕ ನಾಟಕವನ್ನು ಊರವರೇ ಕಲಿತು ರಾತ್ರಿಯೆಲ್ಲ ಆಡುವ ಪದ್ಧತಿಯಿದೆ. ಹಾರ್ಮೋನಿಯಂ ಮೇಷ್ಟ್ರು ಕಲಿಸುತ್ತಾರೆ. ಸೀನರಿಯೂ ಉಡುಪೂ ಬಾಡಿಗೆಗೆ ಬರುತ್ತವೆ. ಖರ್ಚನ್ನು ಪಾತ್ರಧಾರಿಗಳೇ ಹಂಚಿಕೊಳ್ಳುತ್ತಾರೆ. ಕೃಷ್ಣ, ದುರ್ಯೋಧನರ ಪಾತ್ರಕ್ಕೆ ಹೆಚ್ಚು ಹಣ, ಸಣ್ಣ ಪಾತ್ರಕ್ಕೆ ಕಡಿಮೆ. ಅಲ್ಲಿ ಪಾತ್ರಗಳು ಹೆಚ್ಚಿದಷ್ಟೂ ನಾಟಕ ನಡೆಯುತ್ತದೆ. ಹಣ ಕೊಟ್ಟು ಬಣ್ಣ ಹಚ್ಚಿದವನಿಗೆ ಒಂದೆರಡು ಪದ್ಯವಾದರೂ ಹಾಡಲು ಇರಲೇಬೇಕು.

ಪ್ರೇಕ್ಷಕರ ಅಭ್ಯಾಸವೂ ಹೀಗೆಯೇ ಬರಹವನ್ನು ತಿದ್ದುತ್ತದೆ. ರಾತ್ರಿಯೆಲ್ಲ ನಡೆಯುವ ಆಟದಲ್ಲಿ ಜನ ಎದ್ದು ಹೋಗಿ ಕಾಫಿ ಕುಡಿದು ಬರುತ್ತಾರೆ, ನಡುವೆ ನಿದ್ದೆಯನ್ನೂ ಮಾಡುತ್ತಾರೆ. ಕತೆ ಎಲ್ಲರಿಗೂ ಗೊತ್ತಿರುವುದರಿಂದ ಯಾರಿಗೂ ನಷ್ಟವಿಲ್ಲ. ಮುಖ್ಯವಾದುದನ್ನು ಬರೆದವನೂ ಮತ್ತೆ ಮತ್ತೆ ಹೇಳಿಸುತ್ತಾನೆ. ೨೦೦೪ರಲ್ಲಿ ಜೆ. ಪಿ. ನಗರದಲ್ಲಿ ಆರಂಭವಾದ ರಂಗಶಂಕರದ ರೀತಿ ಬೇರೆ: ಹೇಳಿದ ಹೊತ್ತಿಗೆ ನಾಟಕವನ್ನು ಆರಂಭಿಸಿ, ತಡವಾಗಿ ಬಂದವರನ್ನು ಒಳಕ್ಕೆ ಬಿಡದ ಶಿಸ್ತು ಅಲ್ಲಿಯದು. ಅಲ್ಲಿಗೆ ಬರೆಯುವವನು ಮೊದಲನೆಯ ಮಾತಿನಿಂದಲೇ ಎಲ್ಲರೂ ಕೇಳುತ್ತಿದ್ದಾರೆಂದು ನಂಬಬಹುದು; ಒಂದು ಮಾತನ್ನು ಎರಡು ಸಲ ಹೇಳಿಸಿದರೆ ಸಭೆಗೆ ಬೇಸರ ಬರುತ್ತದೆ. ಎರಡೂ ರಂಗಗಳು ಕನ್ನಡದವೇ. ಎರಡಕ್ಕೂ ಒಂದೇ ನಾಟಕವನ್ನು ಬರೆದುಕೊಡಲು ಸಾಧ್ಯವಿಲ್ಲ.

ಇನ್ನು ಐದನೆಯ ತೊಡಕಿಗೆ ಬರೋಣ. ಉಳಿದುವೆಲ್ಲ ಅಭ್ಯಾಸದಿಂದ ಕೈವಶವಾದಾವು. ಇದು ಹಾಗಲ್ಲ, ಕನ್ನಡದಲ್ಲಿ ನಾಟಕ ಬರೆಯುವವನಿಗೆ, ಅದರಲ್ಲಿಯೂ ಬೆಂಗಳೂರಿನಲ್ಲಿ ಬರೆಯುವವನಿಗೆ, ಇದು ಪ್ರತಿಯೊಂದು ನಾಟಕದಲ್ಲಿಯೂ ಹೊಸದಾಗಿ ಎದುರಾಗುತ್ತದೆ. ಕಿಟ್ಟಯ್ಯನು ಯಾವ ಕನ್ನಡವನ್ನು ಆಡಬೇಕು?

ಕಲ್ಲಿನ ಮೇಲಿರುವ ಕನ್ನಡವು ಅವನ ಕಾಲದ್ದು. ಅದು ಇಂದು ಪಂಡಿತರಿಗೆ ಹೊರತು ಯಾರಿಗೂ ತಿಳಿಯದು. ಪುಸ್ತಕದ ಕನ್ನಡವನ್ನು ಆಡಿಸಿದರೆ ಎಲ್ಲರಿಗೂ ತಿಳಿಯುತ್ತದೆ, ಆದರೆ ಅದು ಯಾರ ಮನೆಯ ಮಾತೂ ಅಲ್ಲ. ಇಂದಿನ ಹೆಬ್ಬಾಳದ ಬೀದಿಯ ಮಾತನ್ನು, ಅದರ ತೆಲುಗು, ತಮಿಳು, ಉರ್ದು, ಇಂಗ್ಲಿಷುಗಳೊಡನೆ, ಆಡಿಸಿದರೆ ಜೀವವಿರುತ್ತದೆ. ಸಾವಿರದಿನ್ನೂರು ವರ್ಷದ ದೂರವು ಮಾತ್ರ ಮಾಯವಾಗುತ್ತದೆ. ಯಾವುದನ್ನು ಆರಿಸಿಕೊಂಡರೂ ಒಂದು ನಷ್ಟವನ್ನು ಒಪ್ಪಿಕೊಳ್ಳಲೇಬೇಕು.

ಈ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ಬೆಂಗಳೂರನ್ನು ಕಟ್ಟಿಸಿದ ಯಲಹಂಕ ನಾಡಪ್ರಭು ಕೆಂಪೇಗೌಡರ ಹೆಸರಿನಲ್ಲಿ ‘ಗಂಗಾಗೌರೀವಿಲಾಸ’ವೆಂಬ ಯಕ್ಷಗಾನ ಪ್ರಬಂಧವೊಂದು ಪ್ರಸಿದ್ಧವಾಗಿದೆ, ಅದು ತೆಲುಗಿನಲ್ಲಿದೆ. ವಿಜಯನಗರದ ಕೃಷ್ಣದೇವರಾಯನು ‘ಆಮುಕ್ತಮಾಲ್ಯದ’ವನ್ನು ತೆಲುಗಿನಲ್ಲಿ ಬರೆದ ಕಾಲ ಅದು. ಆಸ್ಥಾನದ ರಸಿಕರು ಯಾವ ನುಡಿಯಲ್ಲಿ ಆಟವನ್ನು ಕೇಳಬಯಸುತ್ತಿದ್ದರೋ ಆ ನುಡಿಯಲ್ಲಿ ಆಟ ಹುಟ್ಟಿತು. ನಾಟಕದ ನುಡಿಯನ್ನು ಬರೆಯುವವನೊಬ್ಬನೇ ಆರಿಸುವುದಿಲ್ಲ. ಎದುರಿಗೆ ಕುಳಿತ ಸಭೆಯೂ ಆರಿಸುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ನಮ್ಮ ಇಬ್ಬರು ದೊಡ್ಡ ನಾಟಕಕಾರರು ಇದಕ್ಕೆ ಎರಡು ವಿರುದ್ಧವಾದ ಉತ್ತರಗಳನ್ನು ಕೊಟ್ಟರು. ಮೈಸೂರು ಅರಸರ ಚರಿತ್ರೆಯನ್ನು ನಾಟಕಗಳಾಗಿ ಬರೆದ ಸಂಸರು (೧೮೯೮–೧೯೩೯) ಹಳಗನ್ನಡದ ಬಿಗಿಯುಳ್ಳ, ಗತಕಾಲದ ಗಾಂಭೀರ್ಯವುಳ್ಳ ಒಂದು ಭಾಷೆಯನ್ನು ತಾವೇ ಕಡೆದುಕೊಂಡರು. ‘ವಿಗಡ ವಿಕ್ರಮರಾಯ’ವನ್ನು ಕೇಳಿದರೆ ಅರಮನೆಯ ಕತ್ತಲೆಯೂ ಒಳಸಂಚೂ ಆ ನುಡಿಯಿಂದಲೇ ಮೂಡುತ್ತವೆ, ಆದರೆ ಅದನ್ನು ಆಡಬಲ್ಲ ನಾಲಗೆಗಳು ಕಡಿಮೆ. ಕೈಲಾಸಂ (೧೮೮೪–೧೯೪೬) ಇನ್ನೊಂದು ತುದಿಗೆ ಹೋದರು. ಬೆಂಗಳೂರು ಮೈಸೂರುಗಳ ಓದುಬಲ್ಲ ಮನೆಗಳಲ್ಲಿ ಇಂಗ್ಲಿಷೂ ಕನ್ನಡವೂ ಬೆರೆತು ಹೇಗೆ ಹರಿಯುತ್ತಿತ್ತೋ ಹಾಗೆಯೇ ಅದನ್ನು ರಂಗಕ್ಕೆ ತಂದರು. ಅವರು ನಾಟಕವನ್ನು ಬರೆಯುತ್ತಿದ್ದುದಕ್ಕಿಂತ ಹೇಳುತ್ತಿದ್ದುದೇ ಹೆಚ್ಚು. ಗೆಳೆಯರು ಕೇಳಿ ಬರೆದುಕೊಳ್ಳುತ್ತಿದ್ದರು. ಬಾಯಿಂದ ಹುಟ್ಟಿದುದರಿಂದಲೇ ಆ ಮಾತು ನಟನ ಬಾಯಿಗೆ ತೊಡಕಿಲ್ಲದೆ ಹತ್ತುತ್ತದೆ.

ಮೂರನೆಯ ಉತ್ತರವೊಂದು ೧೯೭೦ರ ಅನಂತರ ಬಂದಿತು. ೧೯೭೨ರಲ್ಲಿ ಬಿ. ವಿ. ಕಾರಂತರು ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ‘ಈಡಿಪಸ್’, ‘ಸಂಕ್ರಾಂತಿ’, ‘ಜೋಕುಮಾರಸ್ವಾಮಿ’ ಎಂಬ ಮೂರು ನಾಟಕಗಳನ್ನು ಆಡಿಸಿದರು. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯಿಂದ ಉತ್ತರ ಕರ್ನಾಟಕದ ಹಳ್ಳಿಯ ನುಡಿ ಬೆಂಗಳೂರಿನ ಸಭೆಯ ಮುಂದೆ ತನ್ನ ಪೂರ್ಣವಾದ ತೇಜಸ್ಸಿನಲ್ಲಿ ನಿಂತಿತು. ಲಂಕೇಶರ ‘ಸಂಕ್ರಾಂತಿ’ಯಲ್ಲಿ ನುಡಿಯೇ ಕತೆಯ ಒಂದು ಭಾಗವಾಯಿತು. ಅದರಲ್ಲಿ ಹೊಲೆಯರ ಹುಡುಗ ರುದ್ರನಿಗೂ ಬ್ರಾಹ್ಮಣರ ಹುಡುಗಿ ಉಷೆಗೂ ಪ್ರೀತಿ. ಮೊದಲು ರುದ್ರನು ತನ್ನ ಕೇರಿಯ ಒರಟು ಮಾತನ್ನು ಆಡುತ್ತಾನೆ. ಶರಣನಾದ ಮೇಲೆ ಅವನ ಮಾತು ಸಂಸ್ಕಾರಗೊಳ್ಳುತ್ತದೆ. ಉಷೆಗೆ ಈ ಹೊಸ ರುದ್ರ ಬೇಡ. ಒಬ್ಬನನ್ನು ಉದ್ಧಾರಮಾಡುವಾಗ ಅವನದಾದ ಯಾವುದನ್ನು ಕಿತ್ತುಕೊಳ್ಳುತ್ತೇವೆ ಎಂಬ ಪ್ರಶ್ನೆಯನ್ನು ಯಾವ ಪಾತ್ರವೂ ಭಾಷಣಮಾಡಿ ಕೇಳಬೇಕಾಗಿಲ್ಲ. ಮಾತಿನ ಧಾಟಿ ಬದಲಾದುದನ್ನು ಕಿವಿಯೇ ಗುರುತಿಸುತ್ತದೆ.

ಆದುದರಿಂದ ನಾಟಕಕಾರನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆ, “ಈ ಮಾತು ಚೆನ್ನಾಗಿದೆಯೆ?” ಎಂಬುದಲ್ಲ, “ಈ ಮಾತು ಏನನ್ನು ಮಾಡುತ್ತದೆ?” ಎಂಬುದು. ನಮ್ಮ ಕಿಟ್ಟಯ್ಯನನ್ನ ಜಗಲಿಯ ಮೇಲೆ ಕೂರಿಸಿ ನೋಡೋಣ. ಅವನಿಗೆ ಹೆಂಡತಿಯಿದ್ದಳೆಂದು ಇಟ್ಟುಕೊಳ್ಳೋಣ; ಇದು ನಮ್ಮ ಕಲ್ಪನೆ, ಕಲ್ಲಿನ ಮಾತಲ್ಲ. ನಾಳೆ ಯುದ್ಧಕ್ಕೆ ಹೋಗುವೆನೆಂದು ಅವನು ಅವಳಿಗೆ ತಿಳಿಸಬೇಕು. ಹೊಸಬನಾದ ನಾಟಕಕಾರನು ಹೀಗೆ ಬರೆಯುತ್ತಾನೆ: “ಪ್ರಿಯೆ, ತಾಯ್ನಾಡಿನ ರಕ್ಷಣೆಗಾಗಿ ನನ್ನ ಪ್ರಾಣವನ್ನು ಅರ್ಪಿಸಲು ಸಿದ್ಧನಾಗಿದ್ದೇನೆ.” ತಪ್ಪೇನೂ ಇಲ್ಲ, ಸಭೆಯಲ್ಲಿ ಚಪ್ಪಾಳೆಯೂ ಬಿದ್ದೀತು. ಆದರೆ ಈ ಮಾತಿನ ಮುಂದೆ ಹೆಂಡತಿಗೆ ಮಾಡಲು ಏನೂ ಉಳಿದಿಲ್ಲ. ಅಳಬಹುದು, ಇಲ್ಲವೆ ಆರತಿ ಎತ್ತಬಹುದು. ಅದೇ ಸಂದರ್ಭವನ್ನು ಬೇರೆ ರೀತಿಯಲ್ಲಿ ಬರೆಯೋಣ.

“ಎಮ್ಮೆ ಇವತ್ತೋ ನಾಳೆಯೋ ಕರು ಹಾಕೋ ಹಂಗಿದೆ. ಯಾರಾದ್ರೂ ಹತ್ರ ಇರ್ಬೇಕು” ಎನ್ನುತ್ತಾಳೆ ಅವಳು.

“ನಿಮ್ಮಣ್ಣನ್ನ ಕರೆಸ್ಕೊ” ಎನ್ನುತ್ತಾನೆ ಅವನು.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು ಕೇಳುತ್ತಾಳೆ: “ಎಷ್ಟು ದಿನಕ್ಕೆ ಕರೆಸ್ಲಿ?”

ಅವನು ಉತ್ತರ ಕೊಡುವುದಿಲ್ಲ. ಯುದ್ಧವೆಂಬ ಪದ ಇಲ್ಲಿ ಬಂದಿಲ್ಲ, ಸಾವೆಂಬ ಪದವೂ ಬಂದಿಲ್ಲ. ಅವನು ಹೋಗುವನೆಂಬುದು ಅವಳಿಗೆ ತಿಳಿಯಿತು. ಅವಳಿಗೆ ತಿಳಿಯಿತೆಂಬುದು ಅವನಿಗೆ ತಿಳಿಯಿತು. ಇಬ್ಬರಿಗೂ ತಿಳಿಯಿತೆಂಬುದು ಸಭೆಗೆ ತಿಳಿಯಿತು. ಇನ್ನು ಮುಂದಿನ ಕೆಲಸವೆಲ್ಲ ನಟಿಯದು. ಅವಳು ತಿರುಗಿ ಒಳಗೆ ಹೋಗುವಳೆ, ಅಲ್ಲಿಯೇ ಕುಳಿತುಬಿಡುವಳೆ, ಹುಲ್ಲಿನ ಹೊರೆಯನ್ನು ಎತ್ತಿಕೊಳ್ಳುವಳೆ ಎಂಬುದನ್ನು ಅವಳಿಗೂ ನಿರ್ದೇಶಕನಿಗೂ ಬಿಡಬೇಕು. ಎಲ್ಲವನ್ನೂ ತಾನೇ ಹೇಳಿ ಮುಗಿಸುವ ನಾಟಕಕಾರನು ನಟನ ಪಾಲಿನ ಊಟವನ್ನು ತಾನೇ ಉಂಡವನಂತೆ.

ಈ ಮೌನವು ರಂಗದ ಸೊತ್ತು. ಬಾನುಲಿಯಲ್ಲಿ ಇದೇ ದೃಶ್ಯವನ್ನು ಪ್ರಸಾರಮಾಡಬೇಕಾದರೆ, ಕಣ್ಣಿಲ್ಲದ ಕೇಳುಗನಿಗೆ ಆ ಮೌನವು ಯಂತ್ರ ಕೆಟ್ಟಂತೆ ತೋರೀತು; ಎಮ್ಮೆಯ ಕೊರಳ ಗಂಟೆಯನ್ನೋ ಬಾವಿಯ ರಾಟೆಯ ಸದ್ದನ್ನೋ ಅಲ್ಲಿ ತುಂಬಬೇಕಾಗುತ್ತದೆ. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವು ತನ್ನ ಕನಸುಗಳನ್ನು ಬರೆದಿಡುತ್ತಿದ್ದನು. ಅದನ್ನು ಆಧರಿಸಿ ಕಾರ್ನಾಡರು ಬರೆದ ನಾಟಕವು ಮೊದಲು ಬಿ. ಬಿ. ಸಿ. ರೇಡಿಯೋವಿಗಾಗಿ ಹುಟ್ಟಿ ಅನಂತರ ರಂಗಕ್ಕೆ ಬಂದಿತು. ಕನಸು ಕಿವಿಗೆ ಒಪ್ಪುವ ವಸ್ತು. ಕೇಳುಗನು ತಾನೇ ಅದನ್ನು ಚಿತ್ರಿಸಿಕೊಳ್ಳುತ್ತಾನೆ. ಅದೇ ಕನಸು ರಂಗಕ್ಕೆ ಬಂದರೆ ಉಡುಪನ್ನೂ ಬೆಳಕನ್ನೂ ಕೇಳುತ್ತದೆ. ಯಾವ ಇಂದ್ರಿಯಕ್ಕೆ ಬರೆಯುತ್ತಿದ್ದೇವೆಂಬುದನ್ನು ಮರೆತರೆ ಎರಡೂ ಕೆಡುತ್ತವೆ.

ಆರನೆಯದಾಗಿ, ಇತಿಹಾಸದಿಂದ ವಸ್ತುವನ್ನು ತಂದವನಿಗೆ ಒಂದು ಋಣವಿದೆ. ಕಲ್ಲು ಸುಮ್ಮನಿರುವ ಕಡೆ ಕಲ್ಪಿಸಬಹುದು. ಕಲ್ಲು ಹೇಳಿದುದಕ್ಕೆ ವಿರುದ್ಧವಾಗಿ ಕಲ್ಪಿಸಬಾರದು. ಇದಕ್ಕಿಂತ ಸೂಕ್ಷ್ಮವಾದ ಅಪಾಯ ಇನ್ನೊಂದಿದೆ. ಕಿಟ್ಟಯ್ಯನು ನಮ್ಮವನು, ಮೇಲೆ ಬಂದ ರಟ್ಟರು ದುಷ್ಟರು ಎಂದು ಬರೆದುಬಿಡುವುದು ಸುಲಭ. ರಟ್ಟರೆಂದರೆ ರಾಷ್ಟ್ರಕೂಟರೆಂದು ವಿದ್ವಾಂಸರು ತಿಳಿಯುತ್ತಾರೆ. ಈ ಕಲ್ಲು ನಿಂತ ಸುಮಾರು ನೂರು ವರ್ಷಗಳ ಮೇಲೆ ಕನ್ನಡದ ಮೊದಲ ಲಕ್ಷಣಗ್ರಂಥವಾದ ‘ಕವಿರಾಜಮಾರ್ಗ’ವು ಹುಟ್ಟಿದುದು ಆ ರಾಷ್ಟ್ರಕೂಟರ ಆಸ್ಥಾನದಲ್ಲಿಯೆ. ಎಂದ ಮೇಲೆ ಕಿಟ್ಟಯ್ಯನನ್ನು ಇರಿದವನೂ ಕನ್ನಡವನ್ನೇ ಆಡುತ್ತಿದ್ದಿರಬಹುದು. ಈ ಒಂದು ಯೋಚನೆ ಮನಸ್ಸಿಗೆ ಬಂದರೆ ನಾಟಕವು ಇದ್ದಕ್ಕಿದ್ದಂತೆ ಆಳವಾಗುತ್ತದೆ. ಎರಡು ಪಕ್ಷಕ್ಕೂ ಅದರದರ ನ್ಯಾಯವಿದ್ದು, ಎರಡೂ ಒಂದೇ ನುಡಿಯಲ್ಲಿ ಅದನ್ನು ಹೇಳಬಲ್ಲುದಾದಾಗ, ಸಭೆಯಲ್ಲಿ ಕುಳಿತವನಿಗೆ ಯಾರ ಕಡೆ ಸೇರುವುದಕ್ಕೂ ಧೈರ್ಯ ಸಾಲದು. ನಾಟಕವು ಮಾಡಬಹುದಾದ ದೊಡ್ಡ ಕೆಲಸ ಅದೇ.

ಇಷ್ಟೆಲ್ಲ ಆದ ಮೇಲೆ ಕಡೆಯ ತೊಡಕು ಉಳಿದಿದೆ: ಬರೆದ ನಾಟಕವನ್ನು ಆಡುವವರು ಯಾರು? ಹೆಸರಾದ ಕಾದಂಬರಿಯೊಂದು ರಂಗಕ್ಕೆ ಬಂದರೆ ಅದರ ಕೀರ್ತಿಯೇ ಜನರನ್ನು ಕರೆಯುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ರಂಗಾಯಣದಿಂದ ೨೦೧೦ರಲ್ಲಿ ಮೈಸೂರಿನಲ್ಲಿ ಒಂಬತ್ತು ಗಂಟೆಯ ನಾಟಕವಾದಾಗ ರಾತ್ರಿಯೆಲ್ಲ ಎಚ್ಚತ್ತಿದ್ದು ನೋಡಿದವರ ಸಂಖ್ಯೆ ಸಣ್ಣದಲ್ಲ. ಅದು ಸಂತೋಷದ ವಿಷಯವೇ. ಆದರೆ ಹೊಸಬನ ಹೊಸ ನಾಟಕಕ್ಕೆ ಅಂತಹ ಮುನ್ನುಡಿಯಿಲ್ಲ. ತಂಡವು ಅದಕ್ಕಾಗಿ ಎರಡು ತಿಂಗಳ ಸಂಜೆಗಳನ್ನೂ ರಂಗಮಂದಿರದ ಬಾಡಿಗೆಯನ್ನೂ ಪಣಕ್ಕೆ ಒಡ್ಡಬೇಕು. ರವೀಂದ್ರ ಕಲಾಕ್ಷೇತ್ರವು ನಗರದ ನಡುವೆ, ರಂಗಶಂಕರವು ದಕ್ಷಿಣದಲ್ಲಿ, ಕಲಾಗ್ರಾಮವು ಪಶ್ಚಿಮದಲ್ಲಿ ಇರುವಾಗ ಉತ್ತರದ ಬಡಾವಣೆಗಳ ಪ್ರೇಕ್ಷಕನು ಹೆಸರೇ ಕೇಳದ ನಾಟಕಕ್ಕಾಗಿ ಊರನ್ನೆಲ್ಲ ದಾಟಿ ಹೋಗಬೇಕು. ಈ ಪಣವನ್ನು ಯಾರೂ ಒಡ್ಡದೆಹೋದರೆ ಇಂದಿನ ಬೆಂಗಳೂರಿನ ಮಾತು ರಂಗದ ಮೇಲೆ ಪರೀಕ್ಷೆಗೆ ನಿಲ್ಲುವುದೇ ಇಲ್ಲ. ನಾವು ಹೇಗೆ ಮಾತಾಡುತ್ತಿದ್ದೆವು, ಯಾವುದನ್ನು ಮಾತಾಡದೆ ಬಿಟ್ಟೆವು ಎಂಬುದಕ್ಕೆ ಮುಂದಿನವರಿಗೆ ಕಲ್ಲೂ ಇರುವುದಿಲ್ಲ.

ಬರೆಯಬೇಕೆಂಬ ಆಸೆಯುಳ್ಳವರಿಗೆ ಒಂದು ಸಣ್ಣ ಸೂಚನೆಯನ್ನು ಕೊಟ್ಟು ಮುಗಿಸುತ್ತೇನೆ. ಮೂರು ಅಂಕಗಳನ್ನು ಬರೆದು ಮುಗಿಸುವವರೆಗೆ ಕಾಯಬೇಡಿರಿ. ಒಂದು ದೃಶ್ಯವನ್ನು ಬರೆದೊಡನೆ ನಾಲ್ಕು ಮಂದಿ ಗೆಳೆಯರನ್ನು ಕರೆದು, ಪಾತ್ರಗಳನ್ನು ಹಂಚಿಕೊಟ್ಟು, ಅವರಿಂದ ಗಟ್ಟಿಯಾಗಿ ಓದಿಸಿರಿ. ನೀವು ಓದಬೇಡಿರಿ, ಮೂಲೆಯಲ್ಲಿ ಕುಳಿತು ಕೇಳಿರಿ. ಓದುವವನ ಉಸಿರು ಎಲ್ಲಿ ಕಟ್ಟಿತು, ನಾಲಗೆ ಎಲ್ಲಿ ತೊಡರಿತು, ಕೇಳುವವನು ಎಲ್ಲಿ ಕೆಮ್ಮಿದನು, ಎಲ್ಲಿ ಗಡಿಯಾರವನ್ನು ನೋಡಿದನು ಎಂಬುದನ್ನು ಪೆನ್ಸಿಲಿನಿಂದ ಗುರುತುಮಾಡಿಕೊಳ್ಳಿರಿ. ಅವರು ಆಮೇಲೆ ಹೇಳುವ ಮೆಚ್ಚಿಕೆಯನ್ನು ಅಷ್ಟಾಗಿ ನಂಬಬೇಡಿರಿ. ಆ ಪೆನ್ಸಿಲಿನ ಗುರುತುಗಳನ್ನು ನಂಬಿರಿ.